ವಾಸಕ್ಕೆ ಯೋಗ್ಯವಾಗಿದೆ

ಸೋಮವಾರ, ತಾರೀಖು ಹನ್ನೆರಡು

ಮಗಳ ಅಪ್ಪನಿಗೆ,

ಹೇಗಿದ್ದೀರಿ ಎಂದು ಕೇಳಬಾರದು ಎಂದುಕೊಂಡೇ ಪೆನ್ನು ಹಿಡಿದೆ. ಆದರೂ ಕೇಳುತ್ತಿದ್ದೇನೆ. ನಾನೂ ಮಗಳೂ ಇನ್ನೂ ಅಣ್ಣನ ಮನೆಯಲ್ಲೇ ಇದ್ದೇವೆ. ಅತ್ತಿಗೆ ಒಳ್ಳೆಯವಳೇ, ಆದರೆ ನನ್ನ ಹೊಲಿಗೆ ಮೆಷೀನಿನ ಸದ್ದಿಗೆ ಅವಳ ತಲೆ ಸಿಡಿಯುತ್ತದಂತೆ.

ವಿಷಯ ನಮ್ಮ ಮನೆಯದು. ಟೈಲ್ಸ್ ಬಣ್ಣದ ಮೇಲೆ ಶುರುವಾದ ಜಗಳ ಅಮ್ಮಂದಿರವರೆಗೆ ಹೋಗಿ, ನೀವು ಕೆಲಸ ಅರ್ಧಕ್ಕೆ ಬಿಟ್ಟು ಹೊರಟು ಹತ್ತೊಂಬತ್ತು ತಿಂಗಳಾಯಿತು. ರಿಪೇರಿಯಲ್ಲಿರುವ ಖಾಲಿ ಮನೆಗೆ ಪುರಸಭೆ ಒಂದೇ ವರ್ಷ ತೆರಿಗೆ ಬಿಡುತ್ತದೆ. ಆಮೇಲೂ ಬಿಡಬೇಕಾದರೆ ಅವರ ಅಧಿಕಾರಿ ಬಂದು ನೋಡಿ, ಇಲ್ಲಿ ಯಾರೂ ಇರಲಾಗದು ಎಂದು ಬರೆದುಕೊಡಬೇಕು. ಇಲ್ಲದಿದ್ದರೆ ಬೇಕೆಂದೇ ಖಾಲಿ ಇಟ್ಟಿದ್ದಾರೆ ಎಂದು ತೆರಿಗೆ ಎರಡರಷ್ಟು.

ನೀವೇ ಕಿತ್ತ ಬಚ್ಚಲು ಹಾಗೇ ಇದೆ. ಕಕ್ಕಸಿನ ಜಾಗದಲ್ಲಿ ಗುಂಡಿ, ನಲ್ಲಿಯೇ ಇಲ್ಲ. ಸುಮ್ಮನೆ ಬಾಗಿಲು ತೆಗೆದು ತೋರಿಸಿದ್ದರೆ ಸಾಕಿತ್ತು. ನಿಮ್ಮ ಹೆಂಡತಿಯ ಬುದ್ಧಿ ಕೇಳಿ. ಹೊರಗಿನವರು ಬರುವಾಗ ಮನೆ ಗಲೀಜಾಗಿರಬಾರದು ಎಂದು ಹಿಂದಿನ ದಿನವೇ ಹೋಗಿ ಸಿಮೆಂಟಿನ ಧೂಳು ಗುಡಿಸಿ ಮೂರು ಸಲ ಒರೆಸಿದೆ. ಕಿಟಕಿಗೆ ಹೊಸ ಪರದೆ ಹೊಲಿದು ಹಾಕಿದೆ. ಮಂಚಕ್ಕೆ ಒಗೆದ ಹೊದಿಕೆ ಹಾಸಿದೆ. ಗುಂಡಿಯ ಮೇಲೆ ಹಲಗೆ ಮುಚ್ಚಿ, ಅದರ ಮೇಲೊಂದು ಚಾಪೆಯನ್ನೂ ಹಾಸಿದೆ!

ಬಂದ ಅಧಿಕಾರಿ ವಯಸ್ಸಾದವರು, ಮೆತ್ತಗಿನ ಮಾತು. ಟೀ ಕುಡಿದು, ಮನೆ ಎಷ್ಟು ಚೆನ್ನಾಗಿ ಇಟ್ಕೊಂಡಿದೀರಮ್ಮ ಅಂದರು. ನಾನು ಹಿರಿಹಿರಿ ಹಿಗ್ಗಿದೆ. ಬಚ್ಚಲಿಗೆ ಇಣುಕಿ, ಚಾಪೆ ನೋಡಿ, ಹೊರಟೇಬಿಟ್ಟರು. ವರದಿಯಲ್ಲಿ ‘ವಾಸಕ್ಕೆ ಯೋಗ್ಯವಾಗಿದೆ’ ಎಂದು ಬರೆದಿದ್ದಾರೆ.

ಕಚೇರಿಗೆ ಓಡಿಹೋಗಿ ಎಲ್ಲ ಹೇಳಿದೆ. ಟೀ ಮಾಡಿಕೊಟ್ಟೋರು ನೀವೇ ಅಲ್ವಾ, ಅಡುಗೆಮನೆ ಇದೆ ತಾನೇ ಎಂದಳು ಅಲ್ಲಿನ ಗುಮಾಸ್ತೆ. ನೀರನ್ನು ಬಾಟಲಿಯಲ್ಲಿ ಹೊತ್ತು ತಂದಿದ್ದೆ ಎಂದರೆ ನಕ್ಕಳು. ಅಷ್ಟೊಂದು ಜನರ ಎದುರು ನನಗೆ ಅಳು ಬಂತು. ಕೈಯಾರೆ ಕೆಡಿಸಿಕೊಂಡ ಮೇಲೆ ಯಾರನ್ನು ಬೈಯಲಿ?

ಎರಡರಷ್ಟು ತೆರಿಗೆ ಕಟ್ಟುವುದು ನನ್ನ ಹೊಲಿಗೆಯಿಂದ ಆಗುವ ಮಾತಲ್ಲ. ಕಟ್ಟದಿದ್ದರೆ ಮನೆಗೆ ಬೀಗ ಹಾಕುತ್ತಾರಂತೆ. ಇಪ್ಪತ್ತೆಂಟರೊಳಗೆ ಇಬ್ಬರೂ ಸಹಿ ಮಾಡಿ ಮೇಲ್ಮನವಿ ಕೊಟ್ಟರೆ ಇನ್ನೊಮ್ಮೆ ನೋಡಲು ಬರುತ್ತಾರೆ. ಕಾಗದ ಜೊತೆಗಿಟ್ಟಿದ್ದೇನೆ. ಪೆನ್ಸಿಲ್ ಗುರುತಿರುವ ಕಡೆ ಸಹಿ ಹಾಕಿ ಅಂಚೆಗೆ ಹಾಕಿ. ನೀವು ಬರಬೇಕೆಂದೇನಿಲ್ಲ.

ಮಗಳು ತನ್ನ ಕೋಣೆ ಯಾವಾಗ ಮುಗಿಯುತ್ತದೆ ಎಂದು ಕೇಳುವುದನ್ನೇ ಬಿಟ್ಟಿದ್ದಾಳೆ. ನನಗೆ ಅದಕ್ಕೇ ಹೆಚ್ಚು ಸಂಕಟ.

ಇಂತಿ,
ಅವಳ ಅಮ್ಮ

ಮತ್ತೆ: ತಪಾಸಣೆಯ ನೋಟಿಸಿನಲ್ಲಿ ಮಾಲೀಕರಿಬ್ಬರೂ ಹಾಜರಿರಬೇಕು ಎಂದಿತ್ತು. ನಿಮಗೂ ಒಂದು ಪ್ರತಿ ಕಳಿಸಿದ್ದೇವೆ ಎಂದು ಕಚೇರಿಯವರು ಹೇಳಿದ್ದರು. ಹೊರಗಿನವರಿಗಾಗಿ ಮನೆ ಒಪ್ಪ ಮಾಡಿದೆ ಎಂದು ಮೇಲೆ ಬರೆದದ್ದು ಸುಳ್ಳು. ಅಧಿಕಾರಿ ಹೋದ ಮೇಲೂ ಕತ್ತಲಾಗುವವರೆಗೆ ನಾನು ಬಾಗಿಲು ಹಾಕಿರಲಿಲ್ಲ.