ಹೂಬುಟ್ಟಿಯಲ್ಲ, ತೊಟ್ಟಿಲು

ಪುತ್ತೂರು, ೧೯೬೩

ರಾಜೀವಿ,

ನಿನ್ನ ವರ್ಷಾಂತಿಕಕ್ಕೆಂದು ಇವತ್ತು ಬೆಳ್ಳಾರೆಗೆ, ನಿನ್ನ ಗಂಡನ ಮನೆಗೆ ಹೋಗಿದ್ದೆ. ನೀನು ಮ್ಯಾಟಿ ಬಟ್ಟೆಯಲ್ಲಿ ಅರ್ಧ ಹೊಲಿದಿದ್ದ ಕಸೂತಿ ಚಿತ್ರಕ್ಕೆ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದಾರೆ. ನಿನ್ನ ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದಳು: "ನೋಡಿ ಮಾರಾಯ್ರೆ, ಗಂಡನ ಮನೆಗೆ ಹೊರಟ ಮದುಮಗಳು. ತಲೆ ಮೇಲೆ ಹೂಬುಟ್ಟಿ ಉಂಟು."

ಹೂಬುಟ್ಟಿಯಂತೆ! ನನಗೆ ಮೈಯೆಲ್ಲ ಉರಿಯಿತು.

"ಅದು ತೊಟ್ಟಿಲು," ಎಂದೆ. "ನೇಜಿ ನೆಡುವಾಗ ಗದ್ದೆಯ ಹೆಂಗಸರು ಹಾಡುದು ಇವಳನ್ನೇ. ಗಂಡನ ಮನೆ ಬಿಟ್ಟು ಮಗುವನ್ನು ಹೊತ್ತು ನಡೆದವಳು."

"ನಿಮಗೆ ಇದೆಲ್ಲ ಯಾರು ಹೇಳಿದ್ದು ಅಕ್ಕಾ?" ಎಂದು ನಿನ್ನ ಅತ್ತೆ ಕೇಳಿದಳು. ನಾನು ಎದ್ದು ಗೋಡೆಯ ಹತ್ತಿರ ಹೋದೆ.

ನೀನೇ ಹೇಳಿದ್ದೆ, ಆ ಬಟ್ಟೆಯನ್ನು ಹಿಡಿದುಕೊಂಡು ತವರಿಗೆ ಬಂದ ದಿನ. "ಉಳಿದದ್ದನ್ನು ಅಲ್ಲಿಯೇ ಹೋಗಿ ಹೊಲಿ," ಎಂದು ಮರುದಿನ ಬೆಳಿಗ್ಗೆಯೇ ನಿನ್ನನ್ನು ಬಸ್ಸು ಹತ್ತಿಸಿದವಳು ನಾನು.

ಯಾರನ್ನೂ ಕೇಳದೆ ಅದನ್ನು ಗೋಡೆಯಿಂದ ಇಳಿಸಿ ತಂದಿದ್ದೇನೆ. ಬೈದುಕೊಳ್ಳಲಿ. ನಡೆಯುತ್ತಿರುವವಳ ಎದುರಿಗೆ ಬಟ್ಟೆ ಇನ್ನೂ ಖಾಲಿ ಇದೆ. ಅಲ್ಲಿ ಯಾರ ಮನೆಯನ್ನು ಹೊಲಿಯುವವಳಿದ್ದೆ ಎಂದು ನಾನು ಆವತ್ತು ಕೇಳಲಿಲ್ಲ.

ಅಮ್ಮ