ಮೊದಲ ಲೋಟ ಯಾರಿಗೆ?

ಪ್ರಾಂತ್ಯದ ಹಣಕಾಸು ಕಾರ್ಯದರ್ಶಿಗಳಾದ ಮಾನ್ಯರೇ,

ನನಗೆ ಭಯವಾಗಿದೆ. ಕುಶಲ ವಿಚಾರಿಸಿ ಆಮೇಲೆ ಹೇಳುವಷ್ಟು ವ್ಯವಧಾನವಿಲ್ಲ, ಕ್ಷಮಿಸಿ. ನಗರದ ನೀರು ಶುದ್ಧೀಕರಣ ಘಟಕದಲ್ಲಿ ಇಪ್ಪತ್ತಾರು ವರ್ಷಗಳಿಂದ ದುಡಿಯುತ್ತಿದ್ದೇನೆ. ನಮ್ಮ ಉಗ್ರಾಣದಲ್ಲಿ ಉಳಿದಿರುವುದು ಹನ್ನೊಂದು ದಿನಕ್ಕಾಗುವಷ್ಟು ಕ್ಲೋರಿನ್, ಅದೂ ಅರ್ಧ ಪ್ರಮಾಣದಲ್ಲಿ ಹಾಕಿದರೆ.

ಪ್ರಾಂತ್ಯದ ಸಾಲ ಮಿತಿಯೊಳಗಿದೆ, ಸುಸ್ಥಿರವಾಗಿದೆ ಎಂಬ ನಿಮ್ಮ ವರದಿ ಓದಿದೆ. ಇರಲೇಬೇಕಲ್ಲ. ರಾಷ್ಟ್ರ ಸರ್ಕಾರ ಹಾಕಿದ ಮಿತಿ ಮುಟ್ಟಿದೊಡನೆ ನಮ್ಮ ಜಲಮಂಡಳಿಯ ಹೆಸರಲ್ಲಿ ಸಾಲ ಎತ್ತಿದಿರಿ, ಆ ಹಣದಲ್ಲಿ ಮೇಲ್ಸೇತುವೆ ಕಟ್ಟಿಸಿದಿರಿ, ನಿಮ್ಮ ಪುಸ್ತಕದಲ್ಲಿ ಅದನ್ನು ಕಾಣಿಸದೆ ಕೈತೊಳೆದುಕೊಂಡಿರಿ. ಮೇಲ್ಸೇತುವೆ ಚೆನ್ನಾಗಿದೆ. ಅದರಿಂದ ನೀರು ಬರುವುದಿಲ್ಲ, ಅಷ್ಟೇ. ಈಗ ಜನ ಕಟ್ಟುವ ನೀರಿನ ಶುಲ್ಕವೆಲ್ಲ ಬಡ್ಡಿಗೆ ಹೋಗುತ್ತಿದೆ. ಕ್ಲೋರಿನ್ ಸರಬರಾಜುದಾರ ಮೂರು ತಿಂಗಳು ಕಾದು ಲಾರಿ ನಿಲ್ಲಿಸಿದ. ಮಂಡಳಿ ನಿಮ್ಮತ್ತ ಕೈ ತೋರಿಸುತ್ತದೆ, ನೀವು ರಾಷ್ಟ್ರದತ್ತ. ರಾಷ್ಟ್ರ ತನ್ನದೇ ಹಳೆಯ ಸಾಲ ತೀರಿಸಲು ಹೊಸ ಸಾಲ ಹುಡುಕುತ್ತಿದೆಯಂತೆ. ಅದರಾಚೆ ಯಾರಿದ್ದಾರೆ ಸ್ವಾಮಿ?

ನಮ್ಮಲ್ಲೊಂದು ರೂಢಿಯಿದೆ. ಬೆಳಗಿನ ಪಾಳಿಯ ಮೇಲ್ವಿಚಾರಕ, ಊರಿಗೆ ಹೋಗುವ ನೀರನ್ನು ಒಂದು ಲೋಟ ಕುಡಿದು ದಾಖಲೆ ಪುಸ್ತಕಕ್ಕೆ ಸಹಿ ಹಾಕಬೇಕು. ಯಾವ ನಿಯಮದಲ್ಲೂ ಇಲ್ಲ. ಹಿಂದಿನವರು ಮಾಡುತ್ತಿದ್ದರು, ನಾವೂ ಮಾಡುತ್ತೇವೆ. ಮೂರು ವಾರದ ಹಿಂದೆ, ಕ್ಲೋರಿನ್ ಅರ್ಧಕ್ಕಿಳಿಸಿ ಎಂಬ ಬಾಯಿಮಾತಿನ ಆದೇಶ ಬಂದ ಮರುದಿನ, ಲೋಟ ಹಿಡಿದು ನಿಂತೆ. ಪ್ರಯೋಗಾಲಯದಾಕೆ ನನ್ನನ್ನೇ ನೋಡುತ್ತಿದ್ದಳು.

"ಕುಡೀತೀರಾ ಅಣ್ಣಾ?" ಎಂದಳು.

"ನೀನೇ ಹೇಳಮ್ಮ, ಕುಡೀಲಾ?"

"ನನ್ನ ಕೇಳ್ಬೇಡಿ. ನಂಗೂ ಮಕ್ಕಳಿದಾರೆ."

ನೀರನ್ನು ಗಿಡಕ್ಕೆ ಚೆಲ್ಲಿ ಸಹಿ ಹಾಕಿದೆ. ಅಂದಿನಿಂದ ದಿನವೂ ಹಾಗೇ.

ಎಂಟು ತಿಂಗಳ ಬಸುರಿ ಮಗಳು ನಮ್ಮ ಮನೆಯಲ್ಲಿದ್ದಾಳೆ. ಕೆಲಸಕ್ಕೆ ಹೊರಡುವ ಮುನ್ನ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿಟ್ಟು ಬರುತ್ತೇನೆ. "ಏನಪ್ಪಾ, ಗ್ಯಾಸೇನು ಪುಕ್ಕಟೆ ಬರುತ್ತಾ?" ಎಂದು ನಗುತ್ತಾಳೆ. ನಾನೂ ನಗುತ್ತೇನೆ. ಕಿಟಕಿಯಾಚೆ ಪಕ್ಕದ ಮನೆಯ ಮಗು ನಲ್ಲಿಗೇ ಬಾಯಿಟ್ಟು ಕುಡಿಯುವುದು ಕಾಣುತ್ತದೆ. ಅವರಿಗೆ ನಾನೇನೂ ಹೇಳಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಪಿಂಚಣಿಗೆ ಇನ್ನು ಎರಡೇ ವರ್ಷ. ಆ ಪಿಂಚಣಿಯೂ ನಿಮ್ಮ ಸಾಲದ ಹೊಟ್ಟೆ ಸೇರಿದೆಯೋ ಏನೋ.

ಮಂಡಳಿಯ ಹೆಸರಲ್ಲಿ ಎತ್ತಿದ ಸಾಲ ನಿಮ್ಮದೆಂದು ಜನರೆದುರು ಒಪ್ಪಿಕೊಳ್ಳಿ. ಕ್ಲೋರಿನ್ ಲಾರಿಗೆ ಹಣ ಕೊಡಿ. ಆಗದಿದ್ದರೆ ಸೋಮವಾರ ಬೆಳಗ್ಗೆ ಆರಕ್ಕೆ ಘಟಕಕ್ಕೆ ಬನ್ನಿ. ಲೋಟ ತೊಳೆದಿಟ್ಟಿರುತ್ತೇನೆ. ನೀವು ಕುಡಿಯಿರಿ, ನಾನು ಸಹಿ ಹಾಕುತ್ತೇನೆ.

ಈ ಬಹಿರಂಗ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವ ಹೊತ್ತಿಗೆ ಪಕ್ಕದ ಮನೆಯ ಬಾಗಿಲು ತಟ್ಟಿರುತ್ತೇನೆ.

ಇಂತಿ,
ಮೂರು ವಾರ ತನ್ನ ಮನೆಗೆ ಮಾತ್ರ ನೀರು ಕುದಿಸಿದ
ಬೆಳಗಿನ ಪಾಳಿಯ ಮೇಲ್ವಿಚಾರಕ