ಅಮ್ಮ ಕುರ್ಚಿಯಲ್ಲಿ ಕುಳಿತ ದಿನ

ಕಾಪು,
೧೪ ಅಕ್ಟೋಬರ್ ೨೦೦೭, ಭಾನುವಾರ

ಪ್ರೀತಿಯ ಅಂಗಾರಣ್ಣಾ,

ಹೇಗಿದ್ದೀ? ಮೈಯಲ್ಲಿ ಸೌಖ್ಯ ಉಂಟಲ್ಲ? ಅತ್ತಿಗೆ ಹೇಗಿದ್ದಾರೆ, ಮಗಳು ಹೇಗಿದ್ದಾಳೆ? ಅವರಿಬ್ಬರ ಹೆಸರೂ ನನಗೆ ಗೊತ್ತಿಲ್ಲ. ಆದರೂ ಅವರನ್ನು ವಿಚಾರಿಸದೆ ಮುಂದಕ್ಕೆ ಬರೆಯಲಿಕ್ಕೆ ಕೈ ಬರುವುದಿಲ್ಲ. ಸಣ್ಣವನಿರುವಾಗ ಮಳೆ ಹಿಡಿಯಿತೆಂದರೆ ನಿನಗೆ ಕಿವಿನೋವು ಶುರುವಾಗುತ್ತಿತ್ತು. ಮುಂಬಯಿಯ ಮಳೆಯಲ್ಲೂ ಹಾಗೆಯೇ ಆಗುತ್ತದಾ? ಇಲ್ಲಿ ಅಮ್ಮ, ನಾನು ಇಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಕಣ್ಣು ಸ್ವಲ್ಪ ಮಂಜು, ಆದರೆ ಬುಟ್ಟಿ ಹೆಣೆಯಲಿಕ್ಕೆ ತನಗೆ ಕಣ್ಣು ಬೇಡ ಅನ್ನುತ್ತಾಳೆ.

ಕವರಿನ ಮೇಲೆ ನೀನು ಅಲ್ಲಿ ಇಟ್ಟುಕೊಂಡ ‘ಲೀಲಾಧರ’ ಎಂಬ ಹೆಸರನ್ನೇ ಬರೆದಿದ್ದೇನೆ, ಹೆದರಬೇಡ. ವಿಳಾಸ ಕೊಟ್ಟವನು ಡೊಮಿನಿಕ್. ಶಾಲೆಯಲ್ಲಿ ನಿನ್ನ ಬೆಂಚಿನಲ್ಲೇ ಕೂರುತ್ತಿದ್ದವನನ್ನು ನೀನು ಮರೆತಿರಲಿಕ್ಕಿಲ್ಲ. ಭಾಂಡೂಪಿನ ಹೋಟೆಲಿನಲ್ಲಿ ನೀನು ಮ್ಯಾನೇಜರ್ ಆಗಿರುವುದನ್ನು ನೋಡಿ ಅವನು ಮಾತಾಡಿಸಿದನಂತೆ. ಊರಲ್ಲಿ ಹೇಳಬೇಡ ಎಂದು ನೀನು ಅವನ ಕೈ ಹಿಡಿದುಕೊಂಡೆಯಂತೆ. ಅವನು ನನಗೊಬ್ಬಳಿಗೆ ಹೇಳಿದ. ಅವನ ಮೇಲೆ ಸಿಟ್ಟು ಮಾಡಬೇಡ. ಹನ್ನೊಂದು ವರ್ಷದಿಂದ ನೀನು ಬದುಕಿದ್ದೀಯೋ ಇಲ್ಲವೋ ಎಂದು ತಿಳಿಯದವರಿಗೆ ಅಷ್ಟಾದರೂ ಬೇಡವಾ? ಅಪ್ಪ ಹೋಗಿ ಆರು ವರ್ಷವಾಯಿತು. ಇದನ್ನು ಕಾಗದದಲ್ಲಿ ತಿಳಿಸಬೇಕಾಗಿ ಬಂದದ್ದಕ್ಕೆ ಕ್ಷಮಿಸು. ಕೊನೆಯ ದಿನಗಳಲ್ಲಿ ಬಾಗಿಲಲ್ಲಿ ಯಾರ ನೆರಳು ಕಂಡರೂ ನೀನೇ ಎಂದು ಏಳಲು ನೋಡುತ್ತಿದ್ದರು.

ನೀನು ಯಾಕೆ ಹೋದೆ ಎಂದು ನಾನು ಕೇಳುವುದಿಲ್ಲ. ಆ ದಿನ ನಾನೂ ಅಲ್ಲಿದ್ದೆ. ಅಪ್ಪನಿಗೆ ಜ್ವರ ಬಂದಿತ್ತು, ಕಂಬಳಕ್ಕೆ ಡೋಲು ಬಡಿಯಲು ಮನೆಯಿಂದ ಒಬ್ಬ ಬರಲೇಬೇಕೆಂದು ಊರಿನ ಯಜಮಾನರ ಗುತ್ತಿನ ಮನೆಯಿಂದ ಹೇಳಿಕಳುಹಿಸಿದ್ದರು. ಉಡುಪಿಯಲ್ಲಿ ಎರಡನೆಯ ವರ್ಷದ ಬಿ.ಕಾಂ. ಓದುತ್ತಿದ್ದ ನೀನು ಅಪ್ಪನ ಮುಖ ನೋಡಿ ಡೋಲನ್ನು ಹೆಗಲಿಗೆ ಹಾಕಿಕೊಂಡೆ. ಕಂಬಳ ನೋಡಲು ಬಂದಿದ್ದ ನಿನ್ನ ತರಗತಿಯ ನಾಲ್ಕು ಹುಡುಗರು ಗದ್ದೆಯ ಹುಣಿಯ ಮೇಲೆ ನಿಂತು ನಿನ್ನನ್ನೇ ನೋಡುತ್ತಿದ್ದರು. ಅವರಲ್ಲೊಬ್ಬ, “ಹೋ, ಇವನು ಕೊರಗನಾ!” ಎಂದ. ನೀನು ಡೋಲನ್ನು ನೆಲದ ಮೇಲೆ ಇಟ್ಟೆ. ಎಸೆಯಲಿಲ್ಲ, ಮಗುವನ್ನು ಮಲಗಿಸುವ ಹಾಗೆ ಇಟ್ಟೆ. ಆಮೇಲೆ ರಸ್ತೆಯ ಕಡೆಗೆ ನಡೆದವನು ತಿರುಗಿ ನೋಡಲಿಲ್ಲ. ಬಟ್ಟೆ ಬದಲಿಸಲು ನೀನು ಮನೆಗೆ ಹೋದೆ ಎಂದೇ ನಾನು ತಿಳಿದಿದ್ದೆ.

ಈಗ ನನ್ನ ವಿಷಯ ಕೇಳು. ಮಣಿಪಾಲದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಮೂರು ವರ್ಷದಿಂದ ಕೆಲಸದಲ್ಲಿದ್ದೇನೆ. ಗುತ್ತಿಗೆಯ ಕೆಲಸ, ಜಾತಿಯ ಪತ್ರ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಳಿನಾಕ್ಷಿ ಎಂಬ ಹೆಸರು, ಚೊಕ್ಕ ತುಳು, ಇಸ್ತ್ರಿ ಹಾಕಿದ ಸೀರೆ. ಅವರವರಿಗೆ ಬೇಕಾದ ಹಾಗೆ ಅವರವರು ತಿಳಿದುಕೊಂಡರು. ಉಚ್ಚಿಲದ ನವ್ಯಶ್ರೀ ನನ್ನ ಪಕ್ಕದ ಮೇಜಿನವಳು. ಮೂರು ವರ್ಷ ಇಬ್ಬರೂ ಒಂದೇ ಬುತ್ತಿಯಿಂದ ಉಂಡಿದ್ದೇವೆ. ಮನೆಗೆ ಬರುತ್ತೇನೆ ಎಂದು ಅವಳು ಹೇಳಿದಾಗಲೆಲ್ಲ ನಾನು ಏನಾದರೊಂದು ನೆಪ ಹೇಳುತ್ತಿದ್ದೆ. ಅಣ್ಣಾ, ಓಡಿಹೋದವನು ನೀನೊಬ್ಬನೇ ಅಲ್ಲ. ನಾನು ಮನೆಯಲ್ಲೇ ಇದ್ದು ಓಡಿಹೋಗಿದ್ದೆ.

ಜುಲೈ ತಿಂಗಳಲ್ಲಿ ನಮ್ಮ ಗ್ರಂಥಪಾಲಕ ಸ್ಟ್ಯಾನಿಸ್ಲಾಸ್ ಸರ್ ಒಂದು ಇಮೇಲ್ ತೋರಿಸಿದರು. ಕೆನಡಾದ ಒಂದು ವಿಶ್ವವಿದ್ಯಾಲಯದವರು ಇಂಟರ್ನೆಟ್ಟಿನಲ್ಲೇ ಪಾಠ ಮಾಡುತ್ತಾರೆ, ಗ್ರಂಥಾಲಯದವರಿಗೆ ಫೀಸು ಇಲ್ಲ, ಹನ್ನೆರಡು ವಾರ. “ನಿನ್ನ ಇಂಗ್ಲಿಷ್ ಸುಧಾರಿಸ್ತದೆ, ಸೇರು” ಎಂದರು. ವಿಷಯದ ಹೆಸರಿನಲ್ಲಿದ್ದ ‘ಇಂಡಿಜೆನಸ್’ ಎಂಬ ಶಬ್ದಕ್ಕೆ ನಿಘಂಟು ತೆಗೆದು ನೋಡಿದೆ. ಆಯಾ ನೆಲಕ್ಕೆ ಮೂಲದಿಂದ ಸೇರಿದವರು ಎಂದಿತ್ತು. ಯಾರೋ ದೂರದವರ ಕಥೆ ಎಂದುಕೊಂಡು ಸೇರಿದೆ. ಸಂಜೆ ಐದರ ಮೇಲೆ ಒಂದು ಗಂಟೆ ಕಂಪ್ಯೂಟರ್ ನನಗೆ ಸಿಗುತ್ತಿತ್ತು. ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಹತ್ತು ಪುಸ್ತಕ ಕಪಾಟಿಗೆ ಸೇರಿಸಿ ಬರಬಹುದಿತ್ತು.

ಮೊದಲ ವಾರವೇ ಎಲ್ಲರೂ ತಮ್ಮ ಪರಿಚಯ ಬರೆಯಬೇಕಿತ್ತು: ನೀವು ಯಾವ ಜನ, ಯಾರ ನೆಲದ ಮೇಲೆ ವಾಸವಾಗಿದ್ದೀರಿ? ನಾನು ಕಾಪುವಿನ ಸಮುದ್ರದ ಬಗ್ಗೆ, ದೀಪಸ್ತಂಭದ ಬಗ್ಗೆ ಚಂದವಾಗಿ ಬರೆದು ತಪ್ಪಿಸಿಕೊಂಡೆ. ಮೂರನೆಯ ವಾರ ಕೆನಡಾದ ಉತ್ತರದ ಕಡೆಯ ರೂತ್ ಎಂಬ ಅಜ್ಜಿ ಬರೆದಳು. ಅರವತ್ತೇಳು ವಯಸ್ಸು, ಕ್ರೀ ಎಂಬ ಜನಾಂಗದವಳು. ಆರು ವರ್ಷದವಳಿರುವಾಗ ಸರಕಾರದವರು ತಾಯಿಯಿಂದ ಬಿಡಿಸಿ ವಸತಿ ಶಾಲೆಗೆ ಕರೆದುಕೊಂಡು ಹೋದರಂತೆ. ತಾಯಿಯ ಭಾಷೆ ಆಡಿದ್ದಕ್ಕೆ ಹೊಡೆದರಂತೆ. ದೊಡ್ಡವಳಾದ ಮೇಲೆ ನಲವತ್ತು ವರ್ಷ ನೆರೆಕರೆಯವರ ಹತ್ತಿರ ತಾನು ಫ್ರೆಂಚರವಳು ಎಂದೇ ಹೇಳಿಕೊಂಡು ಬದುಕಿದಳಂತೆ. ‘ನನ್ನ ಸುಳ್ಳನ್ನು ಎಲ್ಲರೂ ನಂಬಿದರು, ಆಮೇಲೆ ನನ್ನನ್ನು ನನ್ನ ಹೆಸರಿನಿಂದ ಕರೆಯುವವರು ಯಾರೂ ಉಳಿಯಲಿಲ್ಲ’ ಎಂದು ಬರೆದಿದ್ದಳು. ಅದನ್ನು ಓದುವಾಗ ನನಗೆ ಕಂಡದ್ದು ನಿನ್ನ ಮುಖ.

ಶಾಲೆಯಲ್ಲಿ ಕನ್ನಡದ ಮಾಷ್ಟ್ರು ‘ಕೊರಗು’ ಎಂಬ ಶಬ್ದಕ್ಕೆ ಅರ್ಥ ಹೇಳುತ್ತಿದ್ದಾಗ ಇಡೀ ತರಗತಿ ನನ್ನ ಕಡೆ ತಿರುಗಿ ನಕ್ಕಿತ್ತು. ಅಂದಿನಿಂದ ನಾನಾಗಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಆ ಸಂಜೆ ರೂತಳಿಗೆ ಉತ್ತರವಾಗಿ ಮೂರೇ ಸಾಲು ಬರೆದೆ. ನಾನು ಕೊರಗರವಳು. ಈ ಕರಾವಳಿಯ ಹಳೆಯ ಜನ ನಾವು. ನನ್ನ ಅಮ್ಮ ಕಾಡಿನ ಬಳ್ಳಿಯಲ್ಲಿ ಬುಟ್ಟಿ ಹೆಣೆಯುತ್ತಾಳೆ. ಕೆಳಗೆ ನನ್ನ ಹೆಸರು ಹಾಕಿ ಕಳುಹಿಸಿದೆ. ಪಕ್ಕದ ಮೇಜಿನವಳಿಗೆ ಹೇಳಲಾಗದ್ದನ್ನು ಏಳು ಸಮುದ್ರದ ಆಚೆಗೆ ಹೇಳಿದೆ ನೋಡು.

ಎಂಟನೆಯ ವಾರ ಮನೆಯ ಹಿರಿಯರೊಬ್ಬರ ಮಾತನ್ನು ಅವರದೇ ಭಾಷೆಯಲ್ಲಿ ಧ್ವನಿಮುದ್ರಿಸಿ ಕಳುಹಿಸಬೇಕೆಂದರು. ಅಮ್ಮ ಒಪ್ಪಲಿಲ್ಲ. “ನಮ್ಮ ಮಾತು ಒಳಗಿನದ್ದು, ಹೊರಗೆ ಕೇಳಿದರೆ ನಗ್ತಾರೆ” ಎಂದಳು. ನೆನಪುಂಟಾ, ಅಂಗಳ ದಾಟಿದರೆ ತುಳುವಿನಲ್ಲೇ ಮಾತಾಡಬೇಕೆಂದು ನಮ್ಮಿಬ್ಬರಿಗೂ ಎಷ್ಟು ಗದರಿಸುತ್ತಿದ್ದಳು? ನಾಲ್ಕು ದಿನ ನಾನೂ ಬಿಡಲಿಲ್ಲ, ರೂತಳ ಕಥೆ ಹೇಳಿದೆ. ಅಮ್ಮ ಬಳ್ಳಿ ಸೀಳುತ್ತಾ, “ಆ ಹೆಂಗಸಿನ ತಾಯಿ ಅವಳನ್ನು ಹುಡುಕಲಿಲ್ವಾ?” ಎಂದು ಕೇಳಿದಳು. ಮರುದಿನ ಒಪ್ಪಿದಳು. ಮೈಕಿಗಾಗಿ ಸ್ಟ್ಯಾನಿಸ್ಲಾಸ್ ಸರ್ ಹತ್ತಿರ ನಾನು ನಿಜವನ್ನೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, “ಶನಿವಾರ ಮಧ್ಯಾಹ್ನ ಆಗ್ತದಾ? ಆಗ ಗಲಾಟೆ ಇರುವುದಿಲ್ಲ” ಎಂದರು, ಅಷ್ಟೆ.

ಶನಿವಾರ ಅಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದೆ. ನಾನು ಕಂಪ್ಯೂಟರ್ ಹಾಕಲು ಒಳಗೆ ಹೋದಾಗ ಅವಳು ಹೊರಗೆ ಮೆಟ್ಟಿಲ ಬದಿಯಲ್ಲೇ ಕೂತಿದ್ದಳು, ಸರ್‌ಗೆ ಕೊಡಲು ತಂದ ಬುಟ್ಟಿ ತೊಡೆಯ ಮೇಲೆ. ಮರೆತುಹೋದ ಕೊಡೆಗಾಗಿ ನವ್ಯಶ್ರೀ ತಿರುಗಿ ಬಂದಳು. “ಇಲ್ಲಿ ಬುಟ್ಟಿ ಎಲ್ಲ ಮಾರ್ಲಿಕ್ಕೆ ಬಿಡುವುದಿಲ್ಲ, ಹೋಗಿ, ಹೋಗಿ” ಎಂಬ ಅವಳ ದನಿ ನನಗೆ ಒಳಗೆ ಕೇಳಿಸಿತು. ಅಮ್ಮ ಆಗಲೇ ಎದ್ದು ಹೊರಟಿದ್ದಳು. ಬಾಗಿಲ ಹಿಂದೆ ಒಂದು ಗಳಿಗೆ ನಾನು ಸುಮ್ಮನೆ ನಿಂತೆ, ಅಣ್ಣಾ. ಇದನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ? ಅಮ್ಮ ಹೋಗಲಿ, ನವ್ಯಶ್ರೀಗೆ ಗೊತ್ತಾಗದಿರಲಿ ಎಂದು ಒಂದು ಗಳಿಗೆ ನನ್ನ ಮನಸ್ಸು ಹೇಳಿತು. ಆಮೇಲೆ ಹೊರಗೆ ಓಡಿ ಅಮ್ಮನ ಕೈ ಹಿಡಿದೆ. “ನವ್ಯಾ, ಇವರು ನನ್ನ ಅಮ್ಮ” ಎಂದೆ. ಅವಳು ಕೊಡೆಯನ್ನೂ ತೆಗೆದುಕೊಳ್ಳದೆ ಹೋದಳು.

ಸರ್ ತಮ್ಮದೇ ಕುರ್ಚಿಯನ್ನು ಎಳೆದು ಹಾಕಿದರು. “ಇದು ಯಾರದ್ದು?” ಎಂದು ಅಮ್ಮ ಕೇಳಿದಳು. “ನಿಮಗೇ ಇಟ್ಟದ್ದು, ಕೂತುಕೊಳ್ಳಿ” ಎಂದರು ಅವರು. ಅಮ್ಮ ಅಂಚಿನಲ್ಲಿ ಕೂತಳು, ಆಮೇಲೆ ನಿಧಾನಕ್ಕೆ ಹಿಂದಕ್ಕೆ ಸರಿದು ಬೆನ್ನು ಆನಿಸಿದಳು. ಕಾಡಿನಲ್ಲಿ ಬಳ್ಳಿ ಹೇಗೆ ಆರಿಸುತ್ತೀ, ಬೇರು ಯಾಕೆ ಬಿಡುತ್ತೀ, ಅದನ್ನು ಹೇಳು ಎಂದು ನಾನು ಕಲಿಸಿದ್ದೆ. ಅವಳು ಮೈಕನ್ನು ನೋಡಿ, “ಇದರಲ್ಲಿ ಆಡಿದ ಮಾತು ಎಷ್ಟು ದೂರ ಹೋಗ್ತದೆ?” ಎಂದಳು. ಕೆನಡಾದವರೆಗೆ ಎಂದೆ. “ಹಾಗಾದರೆ ಬೊಂಬಾಯಿಗೂ ಹೋದೀತು” ಎಂದಳು. ಡೊಮಿನಿಕ್ ಹೇಳಿದ್ದನ್ನು ನಾನು ಅವಳಿಂದ ಮುಚ್ಚಿಟ್ಟಿದ್ದೆ, ಆದರೆ ಅವಳಿಗೆ ಹೇಗೋ ತಿಳಿದಿತ್ತು. ಆಮೇಲೆ ಆರು ನಿಮಿಷ ನಮ್ಮ ಮಾತಿನಲ್ಲಿ ಅವಳು ಮಾತಾಡಿದ್ದು ಬಳ್ಳಿಯ ಬಗ್ಗೆ ಅಲ್ಲ, ನಿನ್ನ ಹತ್ತಿರ. ಏನು ಹೇಳಿದಳೆಂದು ಕನ್ನಡದಲ್ಲಿ ಬರೆಯಲು ಎರಡು ಸಲ ನೋಡಿದೆ, ಆಗಲಿಲ್ಲ. ಸರ್‌ಗೆ ಒಂದು ಶಬ್ದವೂ ತಿಳಿಯದಿದ್ದರೂ ಅವರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಅದನ್ನೇ ಕಳುಹಿಸಿದೆ. ತಾನು ಅದನ್ನು ಮೂರು ಸಲ ಕೇಳಿದೆನೆಂದೂ ತನ್ನ ತಾಯಿಯ ದನಿ ಈಗ ಎಲ್ಲೂ ಸಿಗುವುದಿಲ್ಲವೆಂದೂ ರೂತ್ ಬರೆದಳು.

ನವ್ಯಶ್ರೀ ಸೋಮವಾರ, ಮಂಗಳವಾರ ಬೇರೆ ಕಡೆ ಕೂತು ಉಂಡಳು. ಬುಧವಾರ ಬಂದು ಎದುರು ನಿಂತು, “ಸಣ್ಣವಳಿರುವಾಗ ನನಗೆ ಜೋರು ಜ್ವರ ಬಂದಿತ್ತು ಮಾರಾಯ್ತಿ. ಅಜ್ಜಿ ನನ್ನ ಕೂದಲು, ಉಗುರು ಅನ್ನದಲ್ಲಿ ಕಲಸಿ ನಿಮ್ಮವರೊಬ್ಬರಿಗೆ ತಿನ್ನಲಿಕ್ಕೆ ಕೊಟ್ಟಿದ್ರು. ನಾನು ನೋಡ್ತಾ ಇದ್ದೆ” ಎಂದು ಅತ್ತಳು. ರೋಗ ನಮ್ಮ ಮೈಗೆ ದಾಟಲಿ ಎಂದು ಮಾಡುತ್ತಿದ್ದ ಆ ಅಜಲು ಪದ್ಧತಿಗೆ ಈಗ ಕಾನೂನಿನಲ್ಲಿ ನಿಷೇಧ ಉಂಟು, ಆದರೆ ತಿಂದವರ ಬಾಯಿಯ ರುಚಿಗೆ ಯಾವ ಕಾನೂನು? ನಾನು ಬುತ್ತಿ ಮುಚ್ಚಿಟ್ಟೆ. ಆದರೆ ಎದ್ದು ಹೋಗಲಿಲ್ಲ. ಸಂಜೆ ಅಮ್ಮನಿಗೆ ಹೇಳಿದೆ, ಅವಳು ಸಿಟ್ಟಾಗಲಿ ಎಂದೇ ಹೇಳಿದೆ. ಅಮ್ಮ, “ಆಮೇಲೆ ಆ ಮಗುವಿಗೆ ಜ್ವರ ಬಿಟ್ಟಿತಾ?” ಎಂದು ಕೇಳಿದಳು. ನನಗೆ ಅಮ್ಮನ ಮೇಲೆಯೇ ಸಿಟ್ಟು ಬಂತು, ಆಮೇಲೆ ಅಳು ಬಂತು. ನವ್ಯಶ್ರೀ ಈಗ ನನ್ನ ಜೊತೆ ಉಣ್ಣುತ್ತಾಳೆ. ಮೊದಲಿನ ಹಾಗೆ ಅಲ್ಲ, ಇಬ್ಬರೂ ಶಬ್ದ ಆರಿಸಿ ಮಾತಾಡುತ್ತೇವೆ. ಇರಲಿ.

ಕೋರ್ಸು ಮುಗಿದಿದೆ, ಸರ್ಟಿಫಿಕೇಟು ಬರಲಿಕ್ಕುಂಟು. ಅತ್ತಿಗೆಗೆ ನನ್ನ ನಮಸ್ಕಾರ ಹೇಳುವ ಹಾಗಿದ್ದರೆ ಹೇಳು. ಮಗುವಿನ ತಲೆಯ ಮೇಲೆ ಒಮ್ಮೆ ಕೈ ಇಡು, ಅದು ಅತ್ತೆಯ ಕೈ ಎಂದುಕೊಂಡು. ಕಿವಿಗೆ ಹತ್ತಿ ಇಟ್ಟುಕೋ.

ನಿನ್ನ ತಂಗಿ,
ನಳಿನಾಕ್ಷಿ

ಮರೆತೆ, ಇದನ್ನು ಹೇಳಲಿಕ್ಕೇ ಬರೆಯಲು ಕೂತದ್ದು: ನವೆಂಬರ್ ಮೂರು, ಶನಿವಾರ, ಉಡುಪಿಯಿಂದ ಮತ್ಸ್ಯಗಂಧ ರೈಲಿಗೆ ಎರಡು ಟಿಕೆಟ್ ಮಾಡಿಸಿದ್ದೇನೆ. ನಾಲ್ಕನೇ ತಾರೀಕು ಬೆಳಿಗ್ಗೆ ನಿನ್ನ ಭಾಂಡೂಪಿನ ಹತ್ತಿರದ ಥಾಣೆ ಸ್ಟೇಷನ್ನಿನಲ್ಲಿ ಇಳಿಯುತ್ತೇವೆ, ಬೋಗಿ ಎಸ್ ಏಳು. ನಿನ್ನ ಮನೆಗೆ ಬರುವುದಿಲ್ಲ. ತನ್ನನ್ನು ಬುಟ್ಟಿ ಮಾರುವವಳೆಂದು ಹೇಳಿಯಾದರೂ ದೂರದಿಂದ ಒಮ್ಮೆ ಮಗನನ್ನು ತೋರಿಸು ಎಂದಳು ಅಮ್ಮ. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಅವಳು ಜೀವನದಲ್ಲಿ ರೈಲು ಹತ್ತಿದವಳಲ್ಲ, ಮೆಟ್ಟಿಲು ಎತ್ತರ ಉಂಟು. ಹತ್ತಿಸುವುದು ನಾನು ಹೇಗೂ ಹತ್ತಿಸುತ್ತೇನೆ. ಇಳಿಸಿಕೊಳ್ಳಲಿಕ್ಕೆ ನೀನು ಬಾ.